ಒಣಗಿದರೆ ಸಾಯುವ ಬೀಜಗಳು

ಹಣ್ಣು ತಿಂದು, ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಹೆಸರು ಮತ್ತು ತಾರೀಖು ಬರೆದಿಟ್ಟು, ಬಿತ್ತುವ ಕಾಲ ಬಂದಾಗ ಹೊರತೆಗೆಯುವುದನ್ನೇ ನಾನು ಚಿಕ್ಕಂದಿನಿಂದ ಕಂಡು ಕಲಿತಿದ್ದೆ. ಟೊಮೆಟೊ, ಬದನೆ, ಕುಂಬಳ, ಸೋರೆ ಎಲ್ಲವೂ ಹೀಗೆ ಇಟ್ಟ ಬೀಜಗಳಿಂದಲೇ ಬೆಳೆದಿದ್ದವು. ಆದ್ದರಿಂದ ದಪ್ಪ ಸಿಪ್ಪೆಯೊಳಗೆ ಬಿಳಿ ತೊಳೆಗಳಿರುವ ಉಷ್ಣವಲಯದ ಮ್ಯಾಂಗೋಸ್ಟೀನ್ ಹಣ್ಣುಗಳು ಮೊದಲ ಸಲ ಕೈಗೆ ಬಂದಾಗ ಅವುಗಳ ಬೀಜಗಳಿಗೂ ಇದೇ ಉಪಚಾರ ಮಾಡಿದೆ. ಒಟ್ಟು ಏಳು ಬೀಜಗಳಿದ್ದವು. ಹತ್ತು ದಿನ ಒಣಗಿಸಿ, ಮೂರು ವಾರ ಪೊಟ್ಟಣದಲ್ಲಿಟ್ಟು, ಬಳಿಕ ಬಹಳ ಶ್ರದ್ಧೆಯಿಂದ ಬಿತ್ತಿ, ಮೂರು ತಿಂಗಳು ಬಿಡದೆ ನೀರು ಹಾಕಿದೆ. ಒಂದೂ ಮೊಳೆಯಲಿಲ್ಲ. ಕೊನೆಗೆ ಮಣ್ಣು ಕೆದಕಿ ನೋಡಿದಾಗ ಸಿಕ್ಕಿದ್ದು ಕಂದು ಬಣ್ಣಕ್ಕೆ ತಿರುಗಿ ಸುರುಟಿಕೊಂಡಿದ್ದ ಏಳು ಸಿಪ್ಪೆಗಳು. ಮಣ್ಣಿಗೆ ಬೀಳುವ ಎಷ್ಟೋ ದಿನ ಮೊದಲೇ ಅವು ಸತ್ತಿದ್ದವು ಎಂಬುದು, ಮತ್ತು ಅವನ್ನು ಕೊಂದದ್ದು ನನ್ನ ಶ್ರದ್ಧೆಯೇ ಎಂಬುದು ತಿಳಿದದ್ದು ಆಮೇಲೆ.

ಬೀಜಗಳನ್ನು ಕೂಡಿಡುವ ದೃಷ್ಟಿಯಿಂದ ಸಸ್ಯವಿಜ್ಞಾನಿಗಳು ಅವನ್ನು ಎರಡು ಮುಖ್ಯ ಗುಂಪುಗಳಾಗಿ ನೋಡುತ್ತಾರೆ. ಈ ಗುಂಪುಗಳಿಗೆ 1973ರಲ್ಲಿ ರಾಬರ್ಟ್ಸ್ ಎಂಬ ವಿಜ್ಞಾನಿ ಕೊಟ್ಟ ಹೆಸರುಗಳೇ ಇಂದಿಗೂ ಬಳಕೆಯಲ್ಲಿವೆ. ಮೊದಲನೆಯದು ಆರ್ಥೊಡಾಕ್ಸ್, ಅಂದರೆ ಹೇಳಿದಂತೆ ಕೇಳುವ ಬೀಜಗಳು. ಇವನ್ನು ತೇವಾಂಶ ಶೇ. 5ರ ಸಮೀಪಕ್ಕೆ ಬರುವಷ್ಟು ಒಣಗಿಸಿ ತಣ್ಣಗಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಎರಡನೆಯದು ರೀಕ್ಯಾಲ್ಸಿಟ್ರಂಟ್. ಇದನ್ನು ಕನ್ನಡದಲ್ಲಿ ಹಟಮಾರಿ ಬೀಜ ಎನ್ನಬಹುದು. ತೇವಾಂಶ ಸುಮಾರು ಶೇ. 20ರಿಂದ 30ಕ್ಕಿಂತ ಕೆಳಗಿಳಿದರೆ ಈ ಗುಂಪಿನ ಹೆಚ್ಚಿನ ಬೀಜಗಳು ಉಳಿಯುವುದಿಲ್ಲ. ಮ್ಯಾಂಗೋಸ್ಟೀನ್, ರಂಬುಟಾನ್, ಡುರಿಯನ್, ಲಿಚಿ, ಹಲಸು, ಮಾವು, ಕೋಕೋ, ಬೆಣ್ಣೆಹಣ್ಣು ಎಲ್ಲವೂ ಈ ಗುಂಪಿಗೆ ಸೇರಿದವು. ಕಾಫಿ ಮತ್ತು ಪಪ್ಪಾಯಿಯ ಬೀಜಗಳು ಇವೆರಡರ ನಡುವೆ ನಿಲ್ಲುತ್ತವೆ. ಹಟಮಾರಿ ಎಂಬ ಹೆಸರು ನನಗಂತೂ ಅನ್ಯಾಯವೆಂದೇ ತೋರುತ್ತದೆ, ಏಕೆಂದರೆ ಅದು ಉಗ್ರಾಣದವನ ಕಡೆಯಿಂದ ನೋಡಿ ಇಟ್ಟ ಹೆಸರು. ಬಿತ್ತುವವನ ಕಡೆಯಿಂದ ನೋಡಿದರೆ ಇಷ್ಟು ಸುಲಭವಾಗಿ, ಇಷ್ಟು ಆತುರದಿಂದ ಮೊಳೆಯುವ ಬೀಜಗಳು ಬೇರೆ ಇಲ್ಲ.

ಈ ಆತುರಕ್ಕೆ ಕಾರಣ ಅವು ಹುಟ್ಟಿ ಬಂದ ಕಾಡಿನಲ್ಲಿದೆ. ಸಮಭಾಜಕ ವೃತ್ತದ ಆಸುಪಾಸಿನ ಮಳೆಕಾಡಿನಲ್ಲಿ ಬೀಜವೊಂದು ಮಲಗಿ ಕಳೆಯಬೇಕಾದ ಚಳಿಗಾಲವಿಲ್ಲ, ದೀರ್ಘವಾದ ಒಣಗಾಲವೂ ಇಲ್ಲ. ಬಿದ್ದ ಬೀಜ ತಡಮಾಡಿದಷ್ಟೂ ಇಲಿ, ಇರುವೆ, ಶಿಲೀಂಧ್ರಗಳ ಪಾಲಾಗುವ ಸಂಭವವೇ ಹೆಚ್ಚು. ಹಾಗಾಗಿ ಅದು ಕೂಡಲೇ ಮೊಳೆತು, ತನ್ನೊಳಗೆ ಹೊತ್ತು ತಂದ ಆಹಾರದ ಬಲದಿಂದ ದೊಡ್ಡ ಮರಗಳ ದಟ್ಟ ನೆರಳಿನಲ್ಲಿ ಪುಟ್ಟ ಸಸಿಯಾಗಿ ನಿಂತುಬಿಡುತ್ತದೆ. ಎಂದಾದರೊಂದು ದಿನ ಮೇಲಿನ ಮರವೊಂದು ಉರುಳಿ ಬೆಳಕಿಗೆ ದಾರಿಯಾದಾಗ ಆ ಸಸಿ ಮೇಲೇಳುತ್ತದೆ. ಬಯಲುಸೀಮೆಯ ಗಿಡಗಳು ಬೀಜವಾಗಿದ್ದು ಕಾಯುತ್ತವೆ, ಮಳೆಕಾಡಿನ ಗಿಡಗಳು ಸಸಿಯಾಗಿ ನಿಂತು ಕಾಯುತ್ತವೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಹಣ್ಣುಗಳನ್ನು ಬೀಜದಿಂದ ಬೆಳೆಸುವವರು ಮಾಡುವ ತಪ್ಪುಗಳಲ್ಲಿ ಅರ್ಧದಷ್ಟು ಇಲ್ಲವಾಗುತ್ತವೆ. ಬೀಜದ ಹಂತದಲ್ಲಿ ಗಂಟೆಗಳ ಲೆಕ್ಕದಲ್ಲಿ ಅವಸರಪಡಬೇಕು, ಸಸಿಯ ಹಂತದಲ್ಲಿ ವರ್ಷಗಳ ಲೆಕ್ಕದಲ್ಲಿ ಸುಮ್ಮನಿರಬೇಕು. ನಾನು ಬಹುಕಾಲ ಇದನ್ನು ತಿರುವುಮುರುವು ಮಾಡಿದೆ.

ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜಾಗಾರದಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಆ ವಿಧಾನದಿಂದ ಮ್ಯಾಂಗೋಸ್ಟೀನ್ ಆಗಲಿ ಡುರಿಯನ್ ಆಗಲಿ ಉಳಿಯುವುದು ಸಾಧ್ಯವಿಲ್ಲ. ಇಂಥ ಗಿಡಗಳ ತಳಿಗಳನ್ನು ಕಾಪಾಡಬೇಕೆಂದರೆ ತೋಟದಲ್ಲಿ ಮರವನ್ನೇ ಬೆಳೆಸಿಕೊಂಡಿರಬೇಕು, ಇಲ್ಲವೇ ಭ್ರೂಣದ ತುಣುಕನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಡುವ ದುಬಾರಿ ವಿಧಾನಕ್ಕೆ ಮೊರೆ ಹೋಗಬೇಕು. ಇದನ್ನು ಓದಿದ ಮೇಲೂ ನಾನು ನಮ್ಮ ಮನೆಯ ಫ್ರಿಜ್ಜಿನ ಮೇಲೆ ನಂಬಿಕೆಯಿಟ್ಟು, ಒಣಗದಿದ್ದರೆ ಸಾಕಲ್ಲ ಎಂಬ ಜಾಣತನದಿಂದ ರಂಬುಟಾನ್ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಕಾರಿಯ ಜತೆಗಿಟ್ಟೆ. ಐದನೆಯ ದಿನ ತೆಗೆದಾಗ ಅವು ಕಪ್ಪಾಗಿದ್ದವು. ಒಣಗುವಿಕೆಯಂತೆ ತಣುಪೂ ಇವುಗಳಿಗೆ ಶತ್ರು. ಸುಮಾರು 15 ಡಿಗ್ರಿಗಿಂತ ಕೆಳಗಿನ ಶಾಖದಲ್ಲಿ ಉಷ್ಣವಲಯದ ಇಂಥ ಅನೇಕ ಬೀಜಗಳ ಜೀವಕೋಶಗಳು ಹಾಳಾಗತೊಡಗುತ್ತವೆ. ಫ್ರಿಜ್ಜಿನ ಒಳಗೆ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಅಂತರಜಾಲದಲ್ಲಿ ಅಪರೂಪದ ಹಣ್ಣಿನ ಬೀಜಗಳೆಂದು ಮಾರುವ ಒಣ ಪೊಟ್ಟಣಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಸಪೋಟ, ಸೀತಾಫಲ, ಪ್ಯಾಶನ್ ಹಣ್ಣು, ಡ್ರ್ಯಾಗನ್ ಹಣ್ಣು ಇಂಥವುಗಳ ಬೀಜ ಒಣಗಿ ಬಂದರೂ ಅಡ್ಡಿಯಿಲ್ಲ. ಮ್ಯಾಂಗೋಸ್ಟೀನ್, ರಂಬುಟಾನ್, ಡುರಿಯನ್ ಬೀಜಗಳು ಒಣ ಪೊಟ್ಟಣದಲ್ಲಿ ಬಂದರೆ ಬಂದದ್ದು ಶವವೆಂದೇ ತಿಳಿಯಬೇಕು. ನಾನು ಎರಡು ಸಲ ಹಣ ಕಳೆದುಕೊಂಡೆ. ಜೀವಂತ ಬೀಜವನ್ನೇ ಮಾರುವವರು ಅದನ್ನು ತೇವವಾದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ ಕಳಿಸುತ್ತಾರೆ, ದಾರಿಯಲ್ಲಿ ಕಳೆಯುವ ದಿನಗಳನ್ನೂ ಎಣಿಸುತ್ತಾರೆ. ಇನ್ನು ಒಂದು ದೇಶದಿಂದ ಇನ್ನೊಂದಕ್ಕೆ ಬೀಜ ತರಿಸುವುದಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ, ಮತ್ತು ಆ ನಿಯಮಕ್ಕೆ ಅರ್ಥವಿದೆ. ಬ್ರೆಜಿಲ್ ಮೂಲದ ಸ್ಟ್ರಾಬೆರಿ ಸೀಬೆ ಹವಾಯಿ ದ್ವೀಪಗಳಿಗೆ ಹಣ್ಣಿನ ಗಿಡವಾಗಿಯೇ ಹೋಗಿ, ಇಂದು ಅಲ್ಲಿನ ಕಾಡನ್ನು ಆವರಿಸಿಕೊಂಡಿರುವ ಕಳೆಯಾಗಿದೆ.

ಅತ್ಯಂತ ನಂಬಿಕೆಯ ಬೀಜವೆಂದರೆ ನಾವೇ ಬಿಡಿಸಿ ತಿಂದ ಹಣ್ಣಿನದು. ಮ್ಯಾಂಗೋಸ್ಟೀನಿನ ತಳದಲ್ಲಿ ಹೂವಿನ ಆಕಾರದ ಒಂದು ಗುರುತು ಇರುತ್ತದೆ. ಅದರ ಎಸಳುಗಳನ್ನು ಎಣಿಸಿದರೆ ಒಳಗೆ ಎಷ್ಟು ತೊಳೆಗಳಿವೆ ಎಂಬುದು ಒಡೆಯುವ ಮೊದಲೇ ತಿಳಿಯುತ್ತದೆ. ಮನೆಗೆ ಬಂದವರ ಮುಂದೆ ಈ ಪವಾಡವನ್ನು ನಾನು ಹಲವು ಬಾರಿ ಮಾಡಿ ತೋರಿಸಿದ್ದೇನೆ. ತೊಳೆಗಳು ನಾಲ್ಕರಿಂದ ಎಂಟರವರೆಗೆ ಇದ್ದರೂ ದಪ್ಪ ಬೀಜ ಇರುವುದು ಒಂದೆರಡರಲ್ಲಿ ಮಾತ್ರ. ಒಂದು ಗ್ರಾಮಿಗಿಂತ ಹಗುರವಾದವನ್ನು ಬಿಟ್ಟುಬಿಡುವುದು ಒಳ್ಳೆಯದು, ಅವುಗಳಿಂದ ಹುಟ್ಟುವ ಸಸಿಗಳು ಮೊದಲಿನಿಂದಲೂ ಬಡಕಲಾಗಿರುತ್ತವೆ. ಅಂದೇ ಬಿತ್ತಲು ಅನುಕೂಲವಿಲ್ಲದಿದ್ದರೆ ಬೀಜವನ್ನು ಹಣ್ಣಿನೊಳಗೇ ಇರಲು ಬಿಡುವುದು ಲೇಸು. ಅದರ ಪಾಲಿಗೆ ಹಣ್ಣಿಗಿಂತ ಒಳ್ಳೆಯ ಡಬ್ಬಿ ಮತ್ತೊಂದಿಲ್ಲ.

ಬೀಜಕ್ಕೆ ಅಂಟಿದ ತಿರುಳನ್ನು ತೆಗೆಯುವ ಕೆಲಸವನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ರಂಬುಟಾನಿನ ತಿರುಳು ಬೀಜದ ಹೊರಸಿಪ್ಪೆಗೆ ಬೆಸೆದುಕೊಂಡಿರುತ್ತದೆ. ಆ ತಿರುಳು ಮೊಳಕೆಯನ್ನು ತಡೆಯುತ್ತದೆ, ಉಳಿದ ಸಕ್ಕರೆಯ ಮೇಲೆ ಎರಡೇ ದಿನದಲ್ಲಿ ಬೂಷ್ಟು ಕಟ್ಟುತ್ತದೆ. ಒರಟು ಬಟ್ಟೆಯಲ್ಲಿ ಸ್ವಲ್ಪ ಮರಳಿನೊಂದಿಗೆ ತಿಕ್ಕಿ, ಬೆರಳಿಗೆ ಜಾರುವ ಅನುಭವ ಹೋಗುವವರೆಗೆ ತೊಳೆಯಬೇಕು. ಪ್ಯಾಶನ್ ಹಣ್ಣಿನ ಬೀಜವನ್ನಾದರೆ ರಸದೊಂದಿಗೇ ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆದರೆ ಲೋಳೆ ತಾನಾಗಿ ಕಳಚಿಕೊಳ್ಳುತ್ತದೆ. ತೊಳೆದ ಬೀಜವನ್ನು ಬಿಸಿಲಿಗೆ ತೋರಿಸಲೇಬಾರದು. ಡುರಿಯನ್ ಬೀಜವಂತೂ ಸ್ವಲ್ಪ ಹೊತ್ತು ನೇರ ಬಿಸಿಲಿಗೆ ಬಿದ್ದರೂ ಜೀವ ಬಿಡುತ್ತದೆ.

ಬಿತ್ತಲು ನಾನು ಬಳಸುವುದು ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಒರಟು ಮರಳು ಅಥವಾ ಪರ್ಲೈಟ್ (ಮಣ್ಣನ್ನು ಸಡಿಲಗೊಳಿಸುವ ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ಕಳಿತ ಎಲೆಗೊಬ್ಬರ ಒಂದು ಪಾಲು. ನಾರಿನ ಪುಡಿಯನ್ನು ತೊಳೆಯದೆ ಬಳಸಿದರೆ ಅದರಲ್ಲಿರುವ ಉಪ್ಪಿನಂಶ ಎಳೆಯ ಬೇರನ್ನು ಸುಡುತ್ತದೆ. ಈ ಹಂತದಲ್ಲಿ ಬೀಜದೊಳಗೇ ಬುತ್ತಿ ಇರುವುದರಿಂದ ಬೇರೆ ಗೊಬ್ಬರ ಬೇಕಿಲ್ಲ. ಕುಂಡವು ಅಗಲಕ್ಕಿಂತ ಆಳವಾಗಿರಬೇಕು. ರಂಬುಟಾನ್ ಬೀಜವನ್ನು ಹಣ್ಣಿಗೆ ಅಂಟಿದ್ದ ಗುರುತು ಕೆಳಗೆ ಬರುವಂತೆ ಅಡ್ಡಲಾಗಿ ಮಲಗಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿದರೆ ಸಸಿ ನೆಟ್ಟಗೆ ಬರುತ್ತದೆ. ಶಾಖ 25ರಿಂದ 30 ಡಿಗ್ರಿಯೊಳಗೆ ಇರಬೇಕು. ತಣ್ಣಗಿನ ಮನೆಯಾದರೆ ಕುಂಡದಡಿಗೆ ಶಾಖ ಕೊಡುವ ಚಾಪೆಯನ್ನು ಹಾಸುವುದು ಬೆಳಕಿನ ದೀಪ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಖರ್ಚು. ಮೇಲೆ ಪಾರದರ್ಶಕ ಹೊದಿಕೆ ಹಾಕಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಬೇಕು. ಇದನ್ನು ಮರೆತರೆ ಸಸಿಯ ಬುಡ ಒಂದೇ ರಾತ್ರಿಯಲ್ಲಿ ಕೊಳೆತು, ಬೆಳಗಾಗುವಷ್ಟರಲ್ಲಿ ಕತ್ತರಿಸಿ ಮಲಗಿಸಿದಂತೆ ಬಿದ್ದಿರುತ್ತದೆ.

ಮ್ಯಾಂಗೋಸ್ಟೀನ್ ಮೊಳೆಯುವ ರೀತಿಯನ್ನು ಮೊದಲೇ ತಿಳಿದುಕೊಳ್ಳದವರು ನನ್ನಂತೆ ಮೋಸ ಹೋಗುತ್ತಾರೆ. ನಾವು ಅವರೆ, ಕಡಲೆಗಳಲ್ಲಿ ನೋಡುವ ಎರಡು ಬೇಳೆಗಳು ಇದರಲ್ಲಿ ಕಾಣುವುದಿಲ್ಲ. ಬೀಜವೆಂದರೆ ಆಹಾರ ತುಂಬಿದ ಒಂದೇ ಗಡ್ಡೆಯಂಥ ವಸ್ತು. ಸುಮಾರು ಮೂರು ವಾರಗಳ ಹೊತ್ತಿಗೆ ಅದರ ಒಂದು ತುದಿಯಿಂದ ಬೇರು ಹೊರಡುತ್ತದೆ, ಎದುರು ತುದಿಯಿಂದ ಚಿಗುರು ಹೊರಡುತ್ತದೆ. ಬಳಿಕ ಚಿಗುರಿನ ಬುಡದಲ್ಲೇ ಇನ್ನೊಂದು ಬೇರು ಹುಟ್ಟಿ, ಅದೇ ಗಿಡದ ಮುಖ್ಯ ಬೇರಾಗಿ ಬಲಿಯುತ್ತದೆ, ಮೊದಲು ಬಂದದ್ದು ಬಾಡಿಹೋಗುತ್ತದೆ. ನನ್ನ ಎರಡನೆಯ ಪ್ರಯತ್ನದಲ್ಲಿ ನಾಲ್ಕು ಬೀಜಗಳನ್ನು ಕಣ್ಣಿಗೆ ಕಾಣುವಂತೆ ಮೇಲ್ಪದರದಲ್ಲೇ ಇಟ್ಟಿದ್ದೆ. ಮೊದಲ ಬೇರು ಕಂದಾಗಿ ಒಣಗುತ್ತಿರುವುದನ್ನು ಕಂಡು, ಬೀಜ ಕೊಳೆಯಿತೆಂದು ನಿರ್ಧರಿಸಿ ಎರಡನ್ನು ಕಿತ್ತು ಎಸೆದೆ. ಉಳಿದೆರಡನ್ನು ಎಸೆಯಲು ಅಂದು ಸೋಮಾರಿತನ ಅಡ್ಡ ಬಂತು. ಇಂದು ನನ್ನ ಬಳಿ ಇರುವ ಮ್ಯಾಂಗೋಸ್ಟೀನ್ ಗಿಡಗಳೆರಡೂ ಆ ಸೋಮಾರಿತನದ ಫಲ.

ಡುರಿಯನ್ ಮೊಳೆಯುವುದು ಇನ್ನೂ ವಿಚಿತ್ರ. ಮೊಳಕೆಯ ದಂಟು ಕಮಾನಿನಂತೆ ಬಾಗಿ, ಭಾರವಾದ ಬೀಜವನ್ನೇ ಮಣ್ಣಿನಿಂದ ಮೇಲಕ್ಕೆ ಎತ್ತುತ್ತದೆ. ಬೀಜದಳಗಳು ಸಿಪ್ಪೆಯೊಳಗಿಂದ ಹೊರಬರುವುದೇ ಇಲ್ಲ, ಕೆಲವು ದಿನಗಳ ಬಳಿಕ ಸಿಪ್ಪೆಯ ಸಮೇತ ಉದುರಿಹೋಗುತ್ತವೆ. ಗಿಡ ಕಷ್ಟಪಡುತ್ತಿದೆಯೆಂದು ಆ ಟೊಪ್ಪಿಗೆಯನ್ನು ಎಳೆದು ತೆಗೆಯಲು ಹೋದರೆ ತುದಿಯ ಕುಡಿಯೂ ಕೈಗೆ ಬರುತ್ತದೆ. ಬಂದಿತ್ತು.

ಬೀಜದಿಂದ ಬೆಳೆದ ಗಿಡ ತಾಯಿಯಂತೆಯೇ ಹಣ್ಣು ಕೊಡುತ್ತದೆಯೇ ಎಂಬ ಪ್ರಶ್ನೆಗೆ ಒಂದೊಂದು ಹಣ್ಣಿನ ಉತ್ತರ ಒಂದೊಂದು ಬಗೆ. ಮ್ಯಾಂಗೋಸ್ಟೀನಿನ ಬೀಜ ಪರಾಗಸ್ಪರ್ಶದಿಂದ ಹುಟ್ಟಿದ್ದಲ್ಲ. ಅದು ತಾಯಿಮರದ ಅಂಗಾಂಶದಿಂದಲೇ ರೂಪುಗೊಳ್ಳುವುದರಿಂದ ಸಸಿ ಬಹುಮಟ್ಟಿಗೆ ತಾಯಿಯ ಪಡಿಯಚ್ಚು. ಈ ಕಾರಣದಿಂದ ಬೀಜದಿಂದ ಬೆಳೆಸಲು ಇದಕ್ಕಿಂತ ಖಾತರಿಯ ಹಣ್ಣು ಇಲ್ಲ. ಕೆಲವು ಮಾವಿನ ತಳಿಗಳಲ್ಲಿ ಮತ್ತು ಕಿತ್ತಳೆ, ಮೂಸಂಬಿಗಳಲ್ಲಿ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುತ್ತವೆ. ಕಿತ್ತಳೆಯ ಬೀಜದಲ್ಲಿ ಇದನ್ನು ಮೊದಲು ಗಮನಿಸಿದವನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಲೇವನ್‌ಹುಕ್, 1719ರಲ್ಲಿ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಪರಾಗಸ್ಪರ್ಶದ ಕೂಸು, ಉಳಿದವು ತಾಯಿಯ ನಕಲುಗಳು. ಬ್ರೆಜಿಲ್‌ನ ಜಬೂಟಿಕಾಬಾ ಎಂಬ ಹಣ್ಣಿನ ಬೀಜವೂ ಹೀಗೆ ಹಲವು ಕುಡಿಗಳನ್ನು ಕೊಡುತ್ತದೆ. ಡುರಿಯನ್, ಲಿಚಿ, ಬೆಣ್ಣೆಹಣ್ಣುಗಳಲ್ಲಿ ಇಂಥ ಭರವಸೆಯಿಲ್ಲ, ಪ್ರತಿ ಸಸಿಯೂ ಹೊಸ ತಳಿ. ತಿಂದ ಹಣ್ಣಿನ ರುಚಿಯೇ ಬೇಕೆನ್ನುವವರು ಕಸಿ ಗಿಡ ಕೊಳ್ಳುವುದೇ ಬುದ್ಧಿವಂತಿಕೆ, ಇದನ್ನು ಬೀಜದ ಮೋಹಿಯಾದ ನಾನೇ ಹೇಳುತ್ತಿದ್ದೇನೆ.

ಮೊಳಕೆಯ ಉತ್ಸಾಹ ಮುಗಿದ ಮೇಲಿನ ವರ್ಷಗಳ ಬಗ್ಗೆ ಬರೆಯುವವರು ಕಡಿಮೆ, ಏಕೆಂದರೆ ಬರೆಯುವಂಥದ್ದು ಏನೂ ನಡೆಯುವುದಿಲ್ಲ. ಮ್ಯಾಂಗೋಸ್ಟೀನ್ ಸಸಿ ಒಂದಡಿ ಎತ್ತರವಾಗಲು ಎರಡು ವರ್ಷ ತೆಗೆದುಕೊಳ್ಳುತ್ತದೆ. ಒಂದು ಜೋಡಿ ಎಲೆ ಬರುತ್ತದೆ, ಬಲಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಗಿಡ ಪ್ಲಾಸ್ಟಿಕ್ಕಿನಲ್ಲಿ ಮಾಡಿಟ್ಟಂತೆ ನಿಂತಿರುತ್ತದೆ. ಈ ನಿಶ್ಚಲತೆಯನ್ನು ಸಹಿಸಲಾರದೆ ನಾವು ಗೊಬ್ಬರ ಹಾಕುತ್ತೇವೆ, ಬಿಸಿಲಿಗೆ ಸರಿಸುತ್ತೇವೆ, ಕುಂಡ ಬದಲಾಯಿಸುತ್ತೇವೆ, ಮತ್ತು ಈ ಮೂರೂ ಅದಕ್ಕೆ ಅಪಾಯ. ಮೊದಲ ಎರಡರಿಂದ ನಾಲ್ಕು ವರ್ಷ ಇದಕ್ಕೆ ಅರ್ಧದಷ್ಟು ನೆರಳು ಬೇಕು. ಕಾಡಿನ ನೆರಳಿನಲ್ಲಿ ನಿಂತು ಕಾಯಲೆಂದೇ ರೂಪುಗೊಂಡ ಎಲೆಗಳು ನಡುಮಧ್ಯಾಹ್ನದ ಬಿಸಿಲಿಗೆ ಬಿಳುಚಿ ಸುಡುತ್ತವೆ. ಇದರ ತಾಯಿಬೇರು ಉದ್ದ, ಪೆಡಸು, ಪಕ್ಕದ ಬೇರುಗಳು ವಿರಳ. ಒಂದನ್ನು ದೊಡ್ಡ ಕುಂಡಕ್ಕೆ ಸಾಗಿಸುವಾಗ ಬೇರಿನ ತುದಿಯ ಎರಡು ಅಂಗುಲ ಮುರಿಯಿತು, ಆ ಗಿಡ ಮುಂದಿನ ಹದಿನಾಲ್ಕು ತಿಂಗಳು ಒಂದೂ ಹೊಸ ಎಲೆ ಬಿಡಲಿಲ್ಲ. ಅಂದಿನಿಂದ ತಳ ಬಿಚ್ಚಿಕೊಳ್ಳುವ ಉದ್ದನೆಯ ಚೀಲಗಳಲ್ಲೇ ಬಿತ್ತುತ್ತೇನೆ, ಬೇರಿಗೆ ಕೈ ತಾಗಿಸದೆ ಮಣ್ಣಿನ ಮುದ್ದೆಯನ್ನು ಹಾಗೆಯೇ ಇಳಿಸುತ್ತೇನೆ. ಚಳಿಯ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ, ಶಾಖ 7 ಡಿಗ್ರಿಯ ಸಮೀಪಕ್ಕೆ ಇಳಿದರೆ ಎಳೆಯ ಸಸಿ ಉಳಿಯುವುದಿಲ್ಲ.

ನೀರಿನ ಪಾಠವನ್ನು ಕಲಿಸಿದ್ದು ಪಶ್ಚಿಮ ಆಫ್ರಿಕದ ಪವಾಡ ಹಣ್ಣಿನ ಗಿಡ. ಇದರ ಕೆಂಪು ಹಣ್ಣಿನಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನು ನಾಲಿಗೆಯ ಮೇಲಿನ ಸಿಹಿಯನ್ನು ಗ್ರಹಿಸುವ ಜಾಗಗಳಿಗೆ ಅಂಟಿಕೊಂಡು, ಆಮೇಲೆ ತಿಂದ ಹುಳಿಯೆಲ್ಲ ಸುಮಾರು ಅರ್ಧ ಗಂಟೆಗೂ ಹೆಚ್ಚು ಹೊತ್ತು ಸಿಹಿಯಾಗಿ ತೋರುವಂತೆ ಮಾಡುತ್ತದೆ. ಫ್ರೆಂಚ್ ಪ್ರವಾಸಿ ದೆ ಮಾರ್ಶೆ 1725ರಲ್ಲಿ ಈ ಹಣ್ಣನ್ನು ಕಂಡದ್ದಾಗಿ ದಾಖಲೆಯಿದೆ, ಅದರೊಳಗಿನ ಪ್ರೋಟೀನನ್ನು ಬೇರ್ಪಡಿಸಿದ್ದು 1968ರಲ್ಲಿ. ನನ್ನ ಸಸಿಯ ಎಲೆಗಳು ಎರಡನೆಯ ವರ್ಷದಲ್ಲಿ ನರಗಳಷ್ಟೇ ಹಸಿರಾಗಿ ಉಳಿದು, ನಡುವೆಲ್ಲ ಹಳದಿಯಾಗಿ, ಅಂಚು ಕಂದಾಗತೊಡಗಿದವು. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆ, ಇನ್ನಷ್ಟು ಕೆಟ್ಟಿತು. ದೋಷ ಗಡಸು ನೀರಿನಲ್ಲಿತ್ತು. ಈ ಗಿಡಕ್ಕೆ ರಸಸಾರ (ಹುಳಿ-ಕ್ಷಾರಗಳ ಅಳತೆ, pH) 4.5ರಿಂದ 5.8ರವರೆಗಿನ ಹುಳಿ ಮಣ್ಣು ಬೇಕು. ಸುಣ್ಣದ ಅಂಶವಿರುವ ನಲ್ಲಿ ನೀರನ್ನು ದಿನವೂ ಹಾಕುತ್ತಾ ಹೋದರೆ ಕುಂಡದ ಮಣ್ಣಿನ ರಸಸಾರ ಮೆಲ್ಲಗೆ ಏರುತ್ತದೆ, ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಕುಂಡದ ಮಣ್ಣನ್ನು ಬದಲಾಯಿಸಿ, ಸಂಗ್ರಹಿಸಿಟ್ಟ ಮಳೆನೀರನ್ನು ಮಾತ್ರ ಹಾಕತೊಡಗಿದ ಮೇಲೆ ಬಂದ ಚಿಗುರು ಹಸಿರಾಗಿತ್ತು. ಕುಂಡದಲ್ಲೇ ಬೆಳೆಸಬೇಕಾದವರಿಗೆ ನಾನು ಮೊದಲು ಸೂಚಿಸುವುದು ಈ ಗಿಡವನ್ನೇ. ಇದು ಮೂರು ನಾಲ್ಕು ವರ್ಷಗಳಲ್ಲಿ ಫಲ ಬಿಡುತ್ತದೆ, ಪೊದೆಯಾಗಿಯೇ ಉಳಿಯುತ್ತದೆ, ಜತೆಗಿಡ ಬೇಡುವುದಿಲ್ಲ.

ಉಳಿದವುಗಳ ಕಾಲಾವಧಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪ್ಯಾಶನ್ ಬಳ್ಳಿ ಒಂದೆರಡು ವರ್ಷದಲ್ಲಿ, ಲಕ್ಷ್ಮಣಫಲ ಮೂರರಿಂದ ಐದು ವರ್ಷದಲ್ಲಿ, ರಂಬುಟಾನ್ ಐದಾರು ವರ್ಷದಲ್ಲಿ ಫಲಕ್ಕೆ ಬರುತ್ತವೆ. ಜಬೂಟಿಕಾಬಾ ಮತ್ತು ಮ್ಯಾಂಗೋಸ್ಟೀನಿಗೆ ಎಂಟು ಹತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಈ ಅಂಕಿಗಳೆಲ್ಲ ನೆಲದಲ್ಲಿ ನೆಟ್ಟು, ಹವೆ ಅನುಕೂಲವಾಗಿರುವ ಗಿಡಗಳವು. ಕುಂಡದ ಗಿಡಕ್ಕೆ ಇನ್ನೂ ಒಂದಷ್ಟು ಕೂಡಿಸಿಕೊಳ್ಳಬೇಕು.

ಫ್ರಿಜ್ಜಿನ ಪ್ರಸಂಗದ ಬಳಿಕ ಮತ್ತೆ ಬಿತ್ತಿದ ರಂಬುಟಾನ್‌ಗಳಲ್ಲಿ ಉಳಿದದ್ದು ಒಂದು. ಏಳನೆಯ ವರ್ಷ ಅದು ಹೂ ಬಿಟ್ಟಿತು. ಗೊಂಚಲು ಗೊಂಚಲಾದ ಹಸಿರು ಮಿಶ್ರಿತ ಸಣ್ಣ ಹೂಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದೆ. ಎಲ್ಲವೂ ಗಂಡು ಹೂಗಳು, ಒಂದರಲ್ಲೂ ಅಂಡಾಶಯವಿರಲಿಲ್ಲ. ಬೀಜದಿಂದ ಬೆಳೆದ ರಂಬುಟಾನ್ ಸಸಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಗಂಡು ಮರಗಳೇ ಆಗಿರುತ್ತವೆಂದು ನನಗೆ ಗೊತ್ತಿತ್ತು, ಆದರೂ ಒಂದೇ ಸಸಿ ಇಟ್ಟುಕೊಂಡು ಏಳು ವರ್ಷ ನೀರು ಹಾಕಿದೆ. ಕಡಿಯಬೇಕೆಂದು ಸಲಹೆ ಕೊಟ್ಟವರಿದ್ದಾರೆ. ನಾನು ಬೇರೆಯದನ್ನು ಯೋಚಿಸಿದ್ದೇನೆ. ಬೇರು ಬಲಿತ, ಈ ಜಾಗಕ್ಕೆ ಹೊಂದಿಕೊಂಡ ಗಿಡ ಈಗಾಗಲೇ ಕೈಯಲ್ಲಿದೆ. ಹಣ್ಣು ಬಿಡುವ ಮರವೊಂದರಿಂದ ಕಣ್ಣುಗಳನ್ನು, ಅಂದರೆ ತೊಗಟೆಯೊಂದಿಗೆ ತೆಗೆದ ಚಿಗುರಿನ ಮೊಗ್ಗುಗಳನ್ನು, ತಂದು ಇದರ ಮೇಲಿನ ಎರಡು ಕೊಂಬೆಗಳಿಗೆ ಕಣ್ಣು ಕಸಿ ಮಾಡಬಹುದು. ಹಣ್ಣು ಬಿಡುವ ರಂಬುಟಾನ್ ಮರಗಳ ಹೂಗಳು ದ್ವಿಲಿಂಗಿಗಳೆಂದು ಕರೆಸಿಕೊಂಡರೂ ಬಹುಪಾಲು ಹೆಣ್ಣಾಗಿಯೇ ವರ್ತಿಸುತ್ತವೆ, ಪರಾಗವನ್ನು ಕೊಡುವುದು ಅತಿ ಕಡಿಮೆ. ಆದ್ದರಿಂದ ಕೆಳಗಿನ ಗಂಡು ಕೊಂಬೆಯೊಂದನ್ನು ಹಾಗೆಯೇ ಬಿಟ್ಟುಕೊಳ್ಳುತ್ತೇನೆ. ಈಗ ಬಂದಿರುವ ಚಿಗುರು ಬಲಿತು, ತೊಗಟೆ ಸುಲಿದರೆ ಸಲೀಸಾಗಿ ಬಿಟ್ಟುಕೊಳ್ಳುವ ಹದಕ್ಕೆ ಬರುವುದನ್ನು ನೋಡುತ್ತಿದ್ದೇನೆ.